ಗರ್ಭಕೋಶ ತೆಗೆಸಿದರೆ ಪಿಸಿಓಎಸ್ ಹೋಗುತ್ತದೆಯೇ?

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರಗಳು. ನನಗೆ 38 ವರ್ಷ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕೆಲಸ ಮಾಡುತ್ತೇನೆ. ಇಬ್ಬರು ಮಕ್ಕಳಿದ್ದಾರೆ, ಎರಡನೆಯ ಹೆರಿಗೆಯ ನಂತರ ಮಕ್ಕಳಾಗದ ಆಪರೇಷನ್ ಆಗಿದೆ. ಮದುವೆಗೆ ಮುಂಚಿನಿಂದಲೂ ನನಗೆ ಮುಟ್ಟು ಸರಿಯಾಗಿ ಬರುತ್ತಿರಲಿಲ್ಲ. ನಾಲ್ಕು ವರ್ಷಗಳಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ಬರುತ್ತಿದೆ; ಬಂದರೆ ಹದಿನೈದು ಇಪ್ಪತ್ತು ದಿನ ನಿಲ್ಲುವುದಿಲ್ಲ. ಪ್ಯಾಡಿನ ಜೊತೆ ಹಳೆಯ ಬಟ್ಟೆಯನ್ನೂ ಇಟ್ಟುಕೊಂಡು ಬಿಸಿನೀರಿನ ಮುಂದೆ ನಿಲ್ಲುತ್ತೇನೆ. ಬದಲಾಯಿಸಲು ಎದ್ದು ಹೋದರೆ ಎಳೆ ತುಂಡಾಗುತ್ತದೆ ಎಂದು ಬೈಸಿಕೊಳ್ಳಬೇಕು. ಗದ್ದದ ಮೇಲೆ ಕೂದಲು ಬರುತ್ತದೆ, ಕತ್ತಿನ ಹಿಂದೆ ಕಪ್ಪಾಗಿದೆ, ತೂಕ 74 ಕೆ.ಜಿ. ಇದೆ. ರಕ್ತ 7.8 ಇದೆಯಂತೆ. ಸ್ಕ್ಯಾನಿಂಗ್‌ನಲ್ಲಿ ಎರಡೂ ಅಂಡಾಶಯಗಳಲ್ಲಿ ನೀರುಗುಳ್ಳೆಗಳಿವೆ, ಗರ್ಭಕೋಶದ ಒಳಪದರ 14 ಮಿ.ಮೀ. ದಪ್ಪವಿದೆ ಎಂದು ಬರೆದಿದ್ದಾರೆ. ತೋರಿಸಿದ ನರ್ಸಿಂಗ್ ಹೋಮ್‌ನಲ್ಲಿ, ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ಅಂಡಾಶಯ ಎರಡನ್ನೂ ತೆಗೆಸಿಬಿಡಿ, ಪಿಸಿಓಎಸ್ಸೂ ಹೋಗುತ್ತದೆ, ಕ್ಯಾನ್ಸರ್ ಭಯವೂ ಇರುವುದಿಲ್ಲ’ ಎಂದರು. ಅತ್ತೆಯವರೂ ತೆಗೆಸಿಬಿಡು ಎನ್ನುತ್ತಾರೆ. ನನಗೂ ಸಾಕಾಗಿದೆ. ಆದರೆ ಏಕೋ ಧೈರ್ಯ ಬರುತ್ತಿಲ್ಲ. ಏನು ಮಾಡಲಿ?
— ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ನಿಮ್ಮ ಪ್ರಶ್ನೆಗೆ ನೇರವಾದ ಉತ್ತರವನ್ನು ಮೊದಲು ಕೊಟ್ಟುಬಿಡುತ್ತೇನೆ. ಗರ್ಭಕೋಶ ತೆಗೆಸಿದರೆ ರಕ್ತಸ್ರಾವ ನಿಲ್ಲುತ್ತದೆ, ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಹೋಗುವುದಿಲ್ಲ. ಏಕೆಂದರೆ ಈ ತೊಂದರೆಯ ಮೂಲ ಗರ್ಭಕೋಶದಲ್ಲಿ ಇಲ್ಲವೇ ಇಲ್ಲ. ಅಂಡಾಶಯ, ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ, ಇನ್ಸುಲಿನ್ ಈ ಮೂರರ ನಡುವಿನ ಹೊಂದಾಣಿಕೆ ತಪ್ಪಿರುವುದೇ ಇದರ ಮೂಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ದೇಹವು ಅದನ್ನು ಇನ್ನಷ್ಟು ತಯಾರಿಸುತ್ತದೆ, ಆ ಹೆಚ್ಚಿನ ಇನ್ಸುಲಿನ್ನು ಅಂಡಾಶಯವನ್ನು ಕೆಣಕಿ ಪುರುಷ ಹಾರ್ಮೋನನ್ನು ಹೆಚ್ಚಿಸುತ್ತದೆ. ನಿಮ್ಮ ಗದ್ದದ ಕೂದಲಿಗೆ ಆ ಹಾರ್ಮೋನು ಕಾರಣ, ಕತ್ತಿನ ಹಿಂದಿನ ಕಪ್ಪಿಗೆ ಇನ್ಸುಲಿನ್ ಕಾರಣ. ಸ್ಕ್ಯಾನಿಂಗ್‌ನಲ್ಲಿ ಕಂಡ ನೀರುಗುಳ್ಳೆಗಳು ಗಡ್ಡೆಗಳಲ್ಲ, ಅಂಡವನ್ನು ಹೊತ್ತ, ಪೂರ್ತಿ ಬಲಿಯದೆ ಅರ್ಧಕ್ಕೆ ನಿಂತ ಪುಟ್ಟ ಚೀಲಗಳು. ಅವನ್ನು ಕತ್ತರಿಸಿ ತೆಗೆಯಬೇಕಾದ ಅಗತ್ಯವೇ ಇಲ್ಲ. ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು 1935ರಲ್ಲಿ ಇದನ್ನು ವಿವರಿಸಿದಾಗ ಎಲ್ಲರ ಗಮನವೂ ಅಂಡಾಶಯದ ಮೇಲಿತ್ತು; ಇಂದು ನಾವು ಇದನ್ನು ಇಡೀ ದೇಹದ ತೊಂದರೆಯೆಂದೇ ನೋಡುತ್ತೇವೆ. ಹೆರುವ ವಯಸ್ಸಿನ ನೂರು ಹೆಂಗಸರಲ್ಲಿ ಹತ್ತರ ಆಸುಪಾಸಿನಷ್ಟು ಮಂದಿಗೆ ಇದು ಇರುತ್ತದೆ. ಮುಟ್ಟಿನ ಏರುಪೇರು, ಪುರುಷ ಹಾರ್ಮೋನಿನ ಲಕ್ಷಣ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಅಂಡಾಶಯದ ಬದಲಾವಣೆ, ಈ ಮೂರರಲ್ಲಿ ಎರಡಿದ್ದರೆ ಪಿಸಿಓಎಸ್ ಎನ್ನುತ್ತೇವೆ; ನಿಮ್ಮಲ್ಲಿ ಮೂರೂ ಇವೆ. ಆದರೂ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲು ತರಿಸುವ ಹಾರ್ಮೋನು) ಪರೀಕ್ಷೆ ಮಾಡಿಸದೆ ಹಾಗೆಂದು ತೀರ್ಮಾನಿಸುವಂತಿಲ್ಲ, ಅವುಗಳ ಏರುಪೇರೂ ಮುಟ್ಟನ್ನು ಹೀಗೆಯೇ ಕೆಡಿಸುತ್ತದೆ.

ಹಾಗಾದರೆ ರಕ್ತ ಏಕೆ ಹೀಗೆ ಹೋಗುತ್ತದೆ? ಪ್ರತಿ ತಿಂಗಳು ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಬಂದು, ಅದು ಇಳಿದಾಗ ಗರ್ಭಕೋಶದ ಒಳಪದರ ಒಟ್ಟಿಗೆ ಕಳಚಿ ಮುಟ್ಟಾಗುತ್ತದೆ. ಅಂಡವೇ ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟರಾನ್ ಬರುವುದಿಲ್ಲ. ಈಸ್ಟ್ರೋಜನ್ ಮಾತ್ರ ಒಂದೇ ಸಮನೆ ಪದರವನ್ನು ಬೆಳೆಸುತ್ತಲೇ ಹೋಗುತ್ತದೆ. ಕಾಲಕ್ಕೆ ಸರಿಯಾಗಿ ಕತ್ತರಿಸದ ಹಿಪ್ಪುನೇರಳೆ ಗಿಡ ಅಡ್ಡಾದಿಡ್ಡಿಯಾಗಿ ಬೆಳೆಯುವಂತೆ ಪದರವೂ ಅಂಕೆಯಿಲ್ಲದೆ ದಪ್ಪವಾಗಿ, ಕೊನೆಗೆ ಇಲ್ಲಿಷ್ಟು ಅಲ್ಲಿಷ್ಟು ಕಳಚತೊಡಗುತ್ತದೆ. ಹದಿನೈದು ಇಪ್ಪತ್ತು ದಿನ ನಿಲ್ಲದ ಸ್ರಾವಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಕೊರತೆಯಿರುವುದು ಪ್ರೊಜೆಸ್ಟರಾನ್ ಎಂದು ಗೊತ್ತಿರುವಾಗ ಅದನ್ನು ಕೊಟ್ಟು ನೋಡದೆ ಅಂಗವನ್ನೇ ತೆಗೆಯಲು ಹೊರಡುವುದು ನನಗೆ ಸರಿಕಾಣುವುದಿಲ್ಲ.

ಆದರೆ ನಿಮಗೆ ಕ್ಯಾನ್ಸರ್ ಹೆಸರು ಹೇಳಿದವರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ವರ್ಷಗಟ್ಟಲೆ ಮುಟ್ಟು ತಡವಾಗಿ ಬರುತ್ತಿರುವ, ತೂಕ ಹೆಚ್ಚಿರುವ ಪಿಸಿಓಎಸ್ ಮಹಿಳೆಯರಲ್ಲಿ ಒಳಪದರದ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಒಟ್ಟಾರೆ ಲೆಕ್ಕದಲ್ಲಿ ಅದು ಚಿಕ್ಕ ಸಂಖ್ಯೆಯೇ ಆದರೂ ಕಡೆಗಣಿಸುವಂಥದ್ದಲ್ಲ. 14 ಮಿ.ಮೀ. ಎಂಬ ಅಳತೆಯೊಂದರಿಂದ ಏನನ್ನೂ ಹೇಳಲಾಗುವುದಿಲ್ಲ, ಮುಟ್ಟಿಗೆ ಮುಂಚೆ ಆರೋಗ್ಯವಂತರಲ್ಲೂ ಪದರ ಅಷ್ಟು ದಪ್ಪವಿರಬಹುದು. ಅದಕ್ಕೆ ಬೇಕಾಗಿರುವುದು ಬಯಾಪ್ಸಿ. ತೆಳುವಾದ ಪ್ಲಾಸ್ಟಿಕ್ ನಳಿಕೆಯನ್ನು ಗರ್ಭಕೋಶದ ಬಾಯಿಯ ಮೂಲಕ ಒಳಗೆ ಹಾಕಿ ಪದರದ ಒಂದಿಷ್ಟು ಚೂರನ್ನು ತೆಗೆದುಕೊಳ್ಳುತ್ತಾರೆ. ಹೊರರೋಗಿ ವಿಭಾಗದಲ್ಲೇ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ, ಮುಟ್ಟಿನ ನೋವಿನಂಥ ನೋವು ಆಗಬಹುದು, ಅದೇ ದಿನ ಮನೆಗೆ ಹೋಗಬಹುದು. ನಿಮ್ಮ ಪತ್ರದಲ್ಲಿ ಎಲ್ಲ ವಿವರಗಳಿದ್ದರೂ ಬಯಾಪ್ಸಿಯ ಮಾತೇ ಇಲ್ಲ. ಅದರ ವರದಿ ಕೈಗೆ ಬರುವವರೆಗೆ ಆಪರೇಷನ್‌ಗೆ ದಿನ ಗೊತ್ತುಮಾಡಬೇಡಿ.

ವರದಿ ಹೇಗೆ ಬರುತ್ತದೆ ಎಂಬುದರ ಮೇಲೆ ದಾರಿ ಬದಲಾಗುತ್ತದೆ. ಪದರ ಸಹಜವಾಗಿದ್ದರೆ ಅಥವಾ ಜೀವಕೋಶಗಳಲ್ಲಿ ವಿಕಾರವಿಲ್ಲದೆ ಬರೀ ದಪ್ಪಗಾಗಿದ್ದರೆ ಔಷಧಿಯಿಂದ ಸರಿಹೋಗುವ ಸಾಧ್ಯತೆಯೇ ಹೆಚ್ಚು. ಅಂಥ ಬರೀ ದಪ್ಪಗಾದ ಪದರ 20 ವರ್ಷಗಳ ಅವಧಿಯಲ್ಲಿ ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ. ಚಿಕಿತ್ಸೆಯನ್ನು ಕನಿಷ್ಠ ಆರು ತಿಂಗಳು ಮಾಡಿ, ಮತ್ತೆ ಬಯಾಪ್ಸಿಯಿಂದ ನೋಡಿಕೊಳ್ಳಬೇಕು. ಒಂದು ವೇಳೆ ಜೀವಕೋಶಗಳಲ್ಲಿ ವಿಕಾರ ಕಂಡರೆ, ಮಕ್ಕಳಾಗಿ ಮುಗಿದಿರುವ ನಿಮಗೆ ಗರ್ಭಕೋಶ ತೆಗೆಸುವುದೇ ಸರಿಯಾದ ಚಿಕಿತ್ಸೆ. ಆಗ ಹಿಂಜರಿಯಬೇಡಿ, ತಡವನ್ನೂ ಮಾಡಬೇಡಿ.

ಔಷಧಿಯ ದಾರಿಯಲ್ಲಿ ನಿಮ್ಮಂಥವರಿಗೆ ನಾನು ಮೊದಲು ಯೋಚಿಸುವುದು ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ವಂಕಿ. ಮಿರೆನಾ ಎಂಬ ಹೆಸರನ್ನು ನೀವು ಕೇಳಿರಬಹುದು. ಇದು ಕಾಪರ್-ಟಿ ಅಲ್ಲ. ಕಾಪರ್-ಟಿ ಸ್ರಾವವನ್ನು ಹೆಚ್ಚಿಸಬಹುದು, ಇದು ಸ್ರಾವವನ್ನು ತಗ್ಗಿಸುತ್ತದೆ. ಇದರಲ್ಲಿರುವ 52 ಮಿ.ಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟರಾನ್ ಗುಂಪಿನ ಹಾರ್ಮೋನು ದಿನವೂ ಅತಿ ಸಣ್ಣ ಪ್ರಮಾಣದಲ್ಲಿ ಒಳಪದರದ ಮೇಲೆಯೇ ಕೆಲಸ ಮಾಡಿ ಅದನ್ನು ತೆಳ್ಳಗೆ ಇಡುತ್ತದೆ, ಕನಿಷ್ಠ ಐದು ವರ್ಷ ಇರುತ್ತದೆ, ಬೇಡವೆಂದರೆ ತೆಗೆಸಬಹುದು. ಮೊದಲ ಮೂರರಿಂದ ಆರು ತಿಂಗಳು ಆಗಾಗ್ಗೆ ಸ್ವಲ್ಪ ಸ್ವಲ್ಪ ಕಲೆ ಬೀಳುತ್ತದೆ. ಅದನ್ನು ಯಾರೂ ಮುಂಚೆ ಹೇಳಿರದಿದ್ದರೆ ಹೆದರಿ ತೆಗೆಸಿಬಿಡುವವರೇ ಹೆಚ್ಚು, ಆದ್ದರಿಂದ ಹೇಳಿಟ್ಟಿದ್ದೇನೆ. ವಂಕಿ ಬೇಡವೆಂದರೆ ಪ್ರೊಜೆಸ್ಟರಾನ್ ಗುಂಪಿನ ಮಾತ್ರೆಗಳಿವೆ, ಹೆಚ್ಚು ಸ್ರಾವದ ದಿನಗಳಿಗೆ ಟ್ರಾನೆಕ್ಸಾಮಿಕ್ ಆಸಿಡ್ ಇದೆ. ಆದರೆ ಕಾಲಿನಲ್ಲಾಗಲಿ ಶ್ವಾಸಕೋಶದಲ್ಲಾಗಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರು ಅದನ್ನು ತೆಗೆದುಕೊಳ್ಳಬಾರದು, ಮೆಡಿಕಲ್ ಶಾಪಿನಿಂದ ನೇರವಾಗಿ ತಂದು ನುಂಗಲೂಬಾರದು.

ಇವೆಲ್ಲಕ್ಕಿಂತ ಮುಂಚೆ ಆಗಬೇಕಾದ ಕೆಲಸವೊಂದಿದೆ. ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆಯಿದ್ದರೆ ಅದು ತೀವ್ರ ರಕ್ತಹೀನತೆ. ಬೆಳಗ್ಗೆ ಎದ್ದಾಗಲೇ ಆಯಾಸ, ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುವುದು, ಬೇಗ ಸಿಟ್ಟು ಬರುವುದು ನಿಮಗೆ ಇದ್ದರೆ ಅದರ ಬಹುಪಾಲು ಇದರಿಂದಲೇ. ಸಾಕಾಗಿದೆ ಎಂದು ನೀವು ಬರೆದಿರುವುದರಲ್ಲಿ ಈ ರಕ್ತಹೀನತೆಯ ಪಾಲೂ ಇದೆ ಎಂದು ನಾನು ನಂಬುತ್ತೇನೆ, ಇಷ್ಟು ಬಳಲಿರುವಾಗ ಇಷ್ಟು ದೊಡ್ಡ ತೀರ್ಮಾನವನ್ನು ಯಾರೂ ಮಾಡಬಾರದು. ಮಾತ್ರೆಯಿಂದ ಏರುವುದು ನಿಧಾನ. ಕಬ್ಬಿಣಾಂಶದ ಇಂಜೆಕ್ಷನ್ನನ್ನು ಡ್ರಿಪ್ ಮೂಲಕ ಕೊಡಿಸಲು ಸಾಧ್ಯವೇ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಮಾತ್ರೆ ತೆಗೆದುಕೊಳ್ಳುವುದಾದರೆ ಕಾಫಿ, ಟೀ, ಹಾಲಿನ ಜೊತೆ ಬೇಡ, ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳಿ. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಹೋದರೆ, ಕಣ್ಣು ಕತ್ತಲೆ ಬಂದರೆ, ಅಂದೇ ಆಸ್ಪತ್ರೆಗೆ ಹೋಗಬೇಕು. ಯಾವ ಕಾರಣಕ್ಕೆ ಆಪರೇಷನ್ ಆಗುವುದಿದ್ದರೂ ಇಷ್ಟು ಕಡಿಮೆ ರಕ್ತದಲ್ಲಿ ಅವಸರವಾಗಿ ಮಾಡಿಸುವುದು ಅಪಾಯ.

ಇನ್ನು ಅಂಡಾಶಯಗಳ ವಿಷಯ. ಇದರಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ತಾಯಿ, ಅಕ್ಕತಂಗಿಯರಲ್ಲಿ ಅಂಡಾಶಯದ ಅಥವಾ ಸ್ತನದ ಕ್ಯಾನ್ಸರ್ ಇರದಿದ್ದರೆ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಂಡಿರದಿದ್ದರೆ, 38ರ ವಯಸ್ಸಿನಲ್ಲಿ ಅವನ್ನು ತೆಗೆಸಬೇಡಿ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47. ಅಷ್ಟು ವರ್ಷ ಮುಂಚೆಯೇ ಈಸ್ಟ್ರೋಜನ್ ಒಮ್ಮೆಲೇ ನಿಂತರೆ ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಸಾಧ್ಯತೆ ಹೆಚ್ಚುತ್ತದೆ, ಇನ್ಸುಲಿನ್ ತೊಂದರೆ ಮಾತ್ರ ಹಾಗೆಯೇ ಉಳಿಯುತ್ತದೆ. ಪಿಸಿಓಎಸ್ ಇರುವ ಅನೇಕರಿಗೆ ನಲವತ್ತರ ಸುಮಾರಿಗೆ ಮುಟ್ಟು ತಾನಾಗಿಯೇ ಕ್ರಮಕ್ಕೆ ಬರತೊಡಗುತ್ತದೆ ಎಂಬುದನ್ನೂ ನೀವು ತಿಳಿದಿರಬೇಕು, ಇದನ್ನು ಯಾರೂ ಹೇಳುವುದಿಲ್ಲ. ಗರ್ಭಕೋಶ ತೆಗೆಸಲೇಬೇಕಾಗಿ ಬಂದರೂ ಅಂಡಾಶಯ ಉಳಿಸಿ, ಅಂಡನಾಳಗಳನ್ನು ಮಾತ್ರ ಜೊತೆಗೆ ತೆಗೆಯಬಹುದು; ಅದರಿಂದ ಮುಂದೆ ಅಂಡಾಶಯದ ಕ್ಯಾನ್ಸರ್ ಸಾಧ್ಯತೆಯೂ ತಗ್ಗುತ್ತದೆ.

ಮಕ್ಕಳಾದ ಮೇಲೆ ಗರ್ಭಕೋಶಕ್ಕೆ ಕೆಲಸವಿಲ್ಲ ಎನ್ನುವ ಮಾತು ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮನೆಮನೆಯಲ್ಲೂ ಕೇಳಿಬರುತ್ತದೆ. ಗಡಿಯಾಚೆಗಿನ ಆಂಧ್ರದಲ್ಲಿ ಗರ್ಭಕೋಶ ತೆಗೆಸಿಕೊಂಡವರ ಪ್ರಮಾಣ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರಾಸರಿಯ ಎರಡು ಪಟ್ಟಿಗೂ ಹೆಚ್ಚು; ಸರಾಸರಿ ನೂರಕ್ಕೆ ಸುಮಾರು ಮೂರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು ಏಪ್ರಿಲ್ 2023ರಲ್ಲಿ ಎಲ್ಲ ರಾಜ್ಯಗಳಿಗೆ ಹೇಳಬೇಕಾಗಿ ಬಂದಿತು. ಹಿರಿಯರು ಹೇಳುವುದು ಅಕ್ಕರೆಯಿಂದಲೇ, ಅವರು ಅನುಭವಿಸಿದ ಕಷ್ಟ ಸುಳ್ಳಲ್ಲ. ಅವರ ಕಾಲದಲ್ಲಿ ಈ ವಂಕಿ, ಈ ಬಯಾಪ್ಸಿ ಕೈಗೆಟುಕುವಂತಿರಲಿಲ್ಲ ಎಂದು ಅತ್ತೆಯವರಿಗೆ ಸಮಾಧಾನವಾಗಿ ತಿಳಿಸಿ. ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ಬೆಂಗಳೂರಿನ ವಾಣಿ ವಿಲಾಸದಲ್ಲಾಗಲಿ ಎರಡನೆಯ ವೈದ್ಯರ ಅಭಿಪ್ರಾಯ ಪಡೆಯಿರಿ. ಆಪರೇಷನ್ ಆದರೆ ಆರರಿಂದ ಎಂಟು ವಾರ ಭಾರ ಎತ್ತುವಂತಿಲ್ಲ. ಅಷ್ಟು ದಿನದ ಕೂಲಿ, ಮನೆಯ ನೀರು, ಅಡುಗೆ ಯಾರ ಪಾಲಿಗೆ ಎಂಬುದನ್ನೂ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಬೇಕು.

ಪಿಸಿಓಎಸ್‌ಗೆಂದೇ ಮಾಡಬೇಕಾದದ್ದು ಬೇರೆ ಇದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಸಕ್ಕರೆ ನೋಡುವ ಪರೀಕ್ಷೆ, ಬಿಪಿ, ಕೊಲೆಸ್ಟರಾಲ್ ಮಾಡಿಸಿ. ಸಕ್ಕರೆಯನ್ನು ಒಂದರಿಂದ ಮೂರು ವರ್ಷಕ್ಕೊಮ್ಮೆ ಮತ್ತೆ ನೋಡಿಸಬೇಕು. ಅಗತ್ಯವಿದ್ದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲು ನೆರವಾಗುವ ಮೆಟ್‌ಫಾರ್ಮಿನ್ ಮಾತ್ರೆ ಕೊಡುತ್ತಾರೆ. 74 ಕೆ.ಜಿ.ಯಲ್ಲಿ ನಾಲ್ಕೈದು ಕೆ.ಜಿ. ಇಳಿದರೂ ಹಾರ್ಮೋನುಗಳಲ್ಲಿ ವ್ಯತ್ಯಾಸ ಕಾಣಬಹುದು. ಮುದ್ದೆ ಬಿಡಬೇಕಾಗಿಲ್ಲ. ಎರಡು ದೊಡ್ಡ ಮುದ್ದೆಗೆ ತಿಳಿಸಾರು ಎನ್ನುವ ಊಟವನ್ನು ಒಂದು ಸಣ್ಣ ಮುದ್ದೆ, ಗಟ್ಟಿಯಾದ ಹುರುಳಿಕಾಳು ಅಥವಾ ಅವರೆಕಾಳಿನ ಸಾರು, ತಟ್ಟೆ ತುಂಬ ಸೊಪ್ಪು ಎನ್ನುವಂತೆ ಬದಲಾಯಿಸಿ, ಕೆಲಸದ ನಡುವಿನ ಸಕ್ಕರೆ ಟೀಗಳನ್ನು ಕಡಿಮೆ ಮಾಡಿ. ದಿನವಿಡೀ ನಿಲ್ಲುವುದರಿಂದ ಕಾಲು ನೋಯುತ್ತದೆಯೇ ಹೊರತು ಅದು ವ್ಯಾಯಾಮವಾಗುವುದಿಲ್ಲ. ಆದರೆ ಬಿರುಸು ನಡಿಗೆಯನ್ನು ರಕ್ತ ಏರಿದ ಮೇಲೆ ಶುರುಮಾಡಿ, ಈಗಲೇ ಅಲ್ಲ.

ಪ್ರಶ್ನೆ: ನನಗೆ 39 ವರ್ಷ. ಪಿಸಿಓಎಸ್ ಇದ್ದು ಮುಟ್ಟಿನ ತೊಂದರೆಯೆಂದು ಮೂರು ವರ್ಷದ ಹಿಂದೆ ಗರ್ಭಕೋಶ, ಎರಡೂ ಅಂಡಾಶಯ ತೆಗೆದರು. ಸ್ರಾವದ ಕಾಟ ತಪ್ಪಿತು. ಆದರೆ ಮೈ ಏಕಾಏಕಿ ಬಿಸಿಯಾಗಿ ಬೆವರುತ್ತದೆ, ನಿದ್ದೆಯಿಲ್ಲ, ಮುಖದ ಕೂದಲು ಹೋಗಿಲ್ಲ, ಬರಿಹೊಟ್ಟೆಯ ಸಕ್ಕರೆ 128 ಬಂದಿದೆ. ಮಾಡಿಸಿದ್ದು ತಪ್ಪಾಯಿತೇ?
— ಓದುಗರು, ಮಾಲೂರು

ಉತ್ತರ: ಆ ಹೊತ್ತಿನಲ್ಲಿ ವೈದ್ಯರು ಹೇಳಿದ್ದನ್ನು ನಂಬಿ ಮಾಡಿಸಿದ್ದೀರಿ, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಈಗ ನಿಮಗಿರುವುದು ಅಂಡಾಶಯ ತೆಗೆದದ್ದರಿಂದ ಬಂದ ಅಕಾಲಿಕ ಮುಟ್ಟುನಿಲುಗಡೆ, ಜೊತೆಗೆ ಮೊದಲಿನಿಂದ ಇದ್ದ ಇನ್ಸುಲಿನ್ ತೊಂದರೆ. ಸ್ತನದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ, ತೀವ್ರ ಯಕೃತ್ತಿನ ಕಾಯಿಲೆ ಇಲ್ಲದಿದ್ದರೆ ನಿಮ್ಮ ವಯಸ್ಸಿನವರಿಗೆ ಸುಮಾರು ಐವತ್ತರವರೆಗೆ ಈಸ್ಟ್ರೋಜನ್ ಕೊಡಬೇಕು. ಗರ್ಭಕೋಶವಿಲ್ಲದ ಕಾರಣ ಸಾಮಾನ್ಯವಾಗಿ ಅದೊಂದೇ ಸಾಕು, ಪ್ರೊಜೆಸ್ಟರಾನ್ ಬೇಕಾಗುವುದಿಲ್ಲ. ಬೆವರು, ನಿದ್ದೆ ಎರಡೂ ಬೇಗ ಸುಧಾರಿಸುತ್ತವೆ. 126 ದಾಟಿದ ಬರಿಹೊಟ್ಟೆಯ ಸಕ್ಕರೆ ಮಧುಮೇಹದ ಮಟ್ಟದ್ದು, ಇನ್ನೊಮ್ಮೆ ನೋಡಿಸಿ, ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಕೂಡ ಮಾಡಿಸಿ. ಮೂಳೆಯ ಸಾಂದ್ರತೆಯ ಸ್ಕ್ಯಾನ್ ಒಮ್ಮೆ ಆಗಬೇಕು, ವಿಟಮಿನ್ ಡಿ ನೋಡಬೇಕು. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆಯಾದ್ದರಿಂದ ಮುದ್ದೆ ನಿಮಗೆ ಒಳ್ಳೆಯದೇ, ಅಳತೆ ಮಾತ್ರ ಸಕ್ಕರೆಗೆ ತಕ್ಕಂತೆ ಇರಲಿ. ಒಮ್ಮೆ ದಪ್ಪಗಾದ ಮುಖದ ಕೂದಲು ಅಂಡಾಶಯ ತೆಗೆದ ಮಾತ್ರಕ್ಕೆ ಉದುರುವುದಿಲ್ಲ. ಅದಕ್ಕೆ ಲೇಸರ್ ಇದೆ. ವೈದ್ಯರ ಬಳಿ ಹೋಗುವಾಗ ಆಪರೇಷನ್ ಆದಾಗ ಕೊಟ್ಟ ಡಿಸ್ಚಾರ್ಜ್ ಚೀಟಿ ಮತ್ತು ತೆಗೆದ ಭಾಗಗಳ ಬಯಾಪ್ಸಿ ವರದಿ ಎರಡನ್ನೂ ಒಯ್ಯಿರಿ, ಇಲ್ಲದಿದ್ದರೆ ಆ ಆಸ್ಪತ್ರೆಯಿಂದ ಪ್ರತಿಯನ್ನು ಕೇಳಿ ಪಡೆಯಿರಿ. ಈಸ್ಟ್ರೋಜನ್ ಕೊಡುವ ಮುಂಚೆ ವೈದ್ಯರು ಆ ವರದಿಯನ್ನು ನೋಡಲೇಬೇಕು.