ಚಾರ್ಟ್‌ನಲ್ಲಿ ಟ್ಯೂನ್ ಇದೆ, ಖಾತೆಯಲ್ಲಿ ಕಾಸಿಲ್ಲ

ಸ್ಮೂತ್ ಜಾಝ್ (ಜಾಝ್‌ನ ಮೃದುವಾದ, ಪಾಪ್‌ಗೆ ಹತ್ತಿರದ ಪ್ರಕಾರ) ನುಡಿಸುವವರ ಸಂಪಾದನೆ, ರೇಡಿಯೋ, ಹಕ್ಕು ಇವುಗಳ ಬಗ್ಗೆ ಬರುವ ಪ್ರಶ್ನೆಗಳು ತಿಂಗಳು ಬದಲಾದರೂ ಬದಲಾಗುವುದಿಲ್ಲ. ಈ ಸಲ ಒಂದಕ್ಕೆ ಮಾತ್ರ ವಿವರವಾಗಿ ಉತ್ತರಿಸಿದ್ದೇನೆ. ಉಳಿದ ಅರ್ಧ ಪತ್ರಗಳಿಗೂ ಉತ್ತರ ಅದರೊಳಗೇ ಇದೆ. ಯಾವ ಸ್ಯಾಕ್ಸೊಫೋನ್ ಕೊಳ್ಳಲಿ, ಎಲ್ಲಿ ರೆಕಾರ್ಡ್ ಮಾಡಿಸಲಿ ಎಂದು ಕೇಳಿದವರಿಗೆ ಇಲ್ಲಿ ಏನೂ ಇಲ್ಲ.

ಪ್ರಶ್ನೆ: ಬೆಂಗಳೂರಿನ ಗಿಟಾರ್ ವಾದಕ ನಾನು. ಲಾಸ್ ಏಂಜಲೀಸ್‌ನ ಪ್ರೊಡ್ಯೂಸರ್ ಒಬ್ಬರಿಗೆ ಹಣ ಕೊಟ್ಟು, ಇಲ್ಲಿಂದಲೇ ನುಡಿಸಿ ಕಳಿಸಿ, ಒಂದು ಟ್ಯೂನ್ ಸಿದ್ಧಪಡಿಸಿದೆ. ಅಮೆರಿಕದ ಸ್ಮೂತ್ ಜಾಝ್ ರೇಡಿಯೋಗಳಲ್ಲಿ ಅದು ಎರಡು ತಿಂಗಳು ಓಡಿತು, ಚಾರ್ಟ್‌ನಲ್ಲೂ ಕಾಣಿಸಿತು. ಇವತ್ತಿನವರೆಗೆ ಒಂದು ಡಾಲರೂ ಬಂದಿಲ್ಲ. ನನ್ನ ದುಡ್ಡು ನುಂಗಿದವರು ಯಾರು?

ಬಹುಶಃ ಯಾರೂ ನುಂಗಿಲ್ಲ. ಒಂದಷ್ಟು ದುಡ್ಡು ಹುಟ್ಟಲೇ ಇಲ್ಲ. ಇನ್ನೊಂದಷ್ಟು ಹುಟ್ಟಿ, ವಾರಸುದಾರರು ಯಾರೆಂದು ತಿಳಿಯದೆ ಬಿದ್ದಿದೆ.

ಒಂದು ಟ್ಯೂನ್ ಎಂದರೆ ಎರಡು ಬೇರೆ ಬೇರೆ ಆಸ್ತಿ. ಸಂಯೋಜನೆ ಒಂದು, ರೆಕಾರ್ಡಿಂಗ್ ಇನ್ನೊಂದು. ಅಮೆರಿಕದ ಎಫ್‌ಎಂ ಕೇಂದ್ರಗಳು ಸಂಯೋಜಕರಿಗೆ ಮತ್ತು ಅವರ ಪಬ್ಲಿಷರ್‌ಗೆ ಮಾತ್ರ ರಾಯಲ್ಟಿ ಕೊಡುತ್ತವೆ, ಅದೂ ಸಂಯೋಜಕರ ಪರವಾಗಿ ಹಣ ವಸೂಲಿ ಮಾಡುವ ಆಸ್ಕ್ಯಾಪ್, ಬಿಎಂಐನಂಥ ಸಂಘಗಳ ಮೂಲಕ. ನುಡಿಸಿದವರಿಗೂ ರೆಕಾರ್ಡಿಂಗ್ ಮಾಲೀಕರಿಗೂ ಸೊನ್ನೆ. ಅಲ್ಲಿನ ಕಾನೂನೇ ಹಾಗಿದೆ. ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರ 1980ರ ‘ವೈನ್‌ಲೈಟ್’ ಆಲ್ಬಮ್‌ನ ‘ಜಸ್ಟ್ ದ ಟೂ ಆಫ್ ಅಸ್’ ಇವತ್ತಿಗೂ ಕೇಳಿಬರುತ್ತದೆ. ಅದನ್ನು ಬರೆದವರು ಬಿಲ್ ವಿದರ್ಸ್, ವಿಲಿಯಂ ಸಾಲ್ಟರ್, ರಾಲ್ಫ್ ಮೆಕ್‌ಡೊನಾಲ್ಡ್. ಎಫ್‌ಎಂ ಅದನ್ನು ಹಾಕಿದಾಗಲೆಲ್ಲ ಹಣ ಆ ಮೂವರ ಕಡೆಗೆ ಹೋಗುತ್ತದೆ. ಸ್ಯಾಕ್ಸೊಫೋನ್ ನುಡಿಸಿ ಅದಕ್ಕೆ ಹೆಸರು ತಂದ ಗ್ರೋವರ್ ಕಡೆಗೆ ಎಫ್‌ಎಂನಿಂದ ಏನೂ ಹೋಗುವುದಿಲ್ಲ. ಸ್ಯಾಕ್ಸೊಫೋನ್ ವಾದಕ ಕೆನ್ನಿ ಜಿ 1987ರಲ್ಲಿ ಅಮೆರಿಕದ ಮುಖ್ಯ ಹಾಡುಪಟ್ಟಿ ಬಿಲ್‌ಬೋರ್ಡ್ ಹಾಟ್ 100ರ 4ನೇ ಸ್ಥಾನಕ್ಕೆ ಏರಿಸಿದ ‘ಸಾಂಗ್‌ಬರ್ಡ್’ ಅವರದೇ ಸಂಯೋಜನೆ, ಆದ್ದರಿಂದ ಎಫ್‌ಎಂ ಹಣ ಅವರಿಗೂ ಬರುತ್ತದೆ. ಅವರನ್ನು ಗೇಲಿ ಮಾಡುವವರು ಲೆಕ್ಕಶಾಸ್ತ್ರದಲ್ಲಿ ಅವರ ಪದವಿ ಇರುವುದನ್ನೂ ನೆನಪಿಡಲಿ.

ಹಾಗಾದರೆ ನಿಮ್ಮ ಟ್ಯೂನ್ ಬರೆದವರು ಯಾರು? ಉದ್ದದ ಪತ್ರದಲ್ಲಿ ಅದೊಂದನ್ನೇ ಬಿಟ್ಟಿದ್ದೀರಿ. ಇಂಥ ವ್ಯವಹಾರದಲ್ಲಿ ಸಾಮಾನ್ಯವಾಗಿ ಪ್ರೊಡ್ಯೂಸರ್ ಕಾರ್ಡ್‌ಗಳನ್ನು (ಸ್ವರಗುಚ್ಛಗಳನ್ನು), ಡ್ರಮ್-ಬೇಸ್ ಗ್ರೂವನ್ನು (ಲಯದ ಓಟವನ್ನು), ಎಷ್ಟೋ ಸಲ ಕಿವಿಯಲ್ಲಿ ನಿಲ್ಲುವ ಹುಕ್ಕನ್ನೂ ಕೊಟ್ಟಿರುತ್ತಾರೆ. ನೀವು ಅದರ ಮೇಲೆ ಮಾಧುರ್ಯ ಸೇರಿಸಿರುತ್ತೀರಿ. ನೀವು ತೆತ್ತ ಶುಲ್ಕ ಪ್ರೊಡಕ್ಷನ್ ಕೆಲಸಕ್ಕೆ. ಅದರಿಂದ ಸಂಯೋಜನೆಯಲ್ಲಿ ಅವರ ಪಾಲು ನಿಮ್ಮದಾಗುವುದಿಲ್ಲ. ಯಾರಿಗೆ ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು: ಪ್ರತಿಯೊಬ್ಬರ ಪೂರ್ಣ ಹೆಸರು, ಅವರು ಸದಸ್ಯರಾಗಿರುವ ಸಂಘ, ಐಪಿಐ ಸಂಖ್ಯೆ (ಸಂಯೋಜಕರನ್ನು ಗುರುತಿಸುವ ಸಂಖ್ಯೆ), ಶೇಕಡಾ ಪಾಲು (ಕೂಡಿದರೆ ಸರಿಯಾಗಿ 100), ಸಹಿ, ದಿನಾಂಕ. ಇದಾಗಬೇಕಾದ್ದು ಮಿಕ್ಸಿಂಗ್‌ಗೆ ಮೊದಲು. ಟ್ಯೂನ್ ಚಾರ್ಟ್ ಹತ್ತಿದ ಮೇಲೆ ಎಲ್ಲರಿಗೂ ತಮ್ಮ ಪಾಲು ಶೇ. 50ಕ್ಕಿಂತ ಹೆಚ್ಚು ಎಂಬ ನೆನಪು ಬರುತ್ತದೆ. ಇಬ್ಬರು ಒಟ್ಟು 110 ಎಂದು ನೋಂದಾಯಿಸಿದರೆ ಸಂಘ ತೀರ್ಪು ಕೊಡುತ್ತಾ ಕೂರುವುದಿಲ್ಲ, ತಗಾದೆ ತೀರುವವರೆಗೆ ಹಣ ತಡೆಹಿಡಿಯುತ್ತದೆ.

ಸಂಯೋಜಕರಾಗಿ ನೀವು ಭಾರತದಲ್ಲಿ ಇದೇ ಕೆಲಸ ಮಾಡುವ ಸಂಘವಾದ ಐಪಿಆರ್‌ಎಸ್ ಸೇರಿ ಟ್ಯೂನ್ ನೋಂದಾಯಿಸಿದರೆ, ಅಮೆರಿಕದ ಸಂಘಗಳ ಜೊತೆಗಿನ ಪರಸ್ಪರ ಒಪ್ಪಂದದ ಮೂಲಕ ನಿಮ್ಮ ಪಾಲು ಇಲ್ಲಿಗೆ ಬರುತ್ತದೆ. ‘ಎರಡು ಕಡೆ ಇರಲಿ’ ಎಂದು ಅದೇ ಹಕ್ಕನ್ನು ಐಪಿಆರ್‌ಎಸ್‌ಗೂ ಅಮೆರಿಕದ ಸಂಘಕ್ಕೂ ಕೊಟ್ಟು ಬರುವ ಜಾಣರಿದ್ದಾರೆ, ಅವರಿಗೆ ಎರಡು ಕಡೆಯಿಂದಲೂ ಬರುವುದು ವಿವರಣೆ ಕೇಳುವ ಇಮೇಲ್ ಮಾತ್ರ. ಅಮೆರಿಕದ ಸಂಘವೇ ಪ್ರಸಾರವಾಗಿ ಆರೇಳು ತಿಂಗಳ ಮೇಲೆ ಪಾವತಿ ಮಾಡುತ್ತದೆ, ಅದು ದೇಶ ದಾಟಿ ಬರಲು ಇನ್ನಷ್ಟು ಕಾಲ. ಎರಡು ತಿಂಗಳ ಪ್ರಸಾರಕ್ಕೆ ಮೂರನೇ ತಿಂಗಳಲ್ಲೇ ಕಾಸು ಎಣಿಸಲು ಕೂತರೆ ಬೇಜಾರೇ ಗತಿ.

ಈಗ ರೆಕಾರ್ಡಿಂಗ್. ಉಪಗ್ರಹ ರೇಡಿಯೋ (ಸಿರಿಯಸ್‌ಎಕ್ಸ್‌ಎಂನ ವಾಟರ್‌ಕಲರ್ಸ್ ವಾಹಿನಿ ಸ್ಮೂತ್ ಜಾಝ್‌ಗೇ ಮೀಸಲು), ಇಂಟರ್‌ನೆಟ್ ರೇಡಿಯೋ ಸೇವೆ ಪಂಡೋರಾ, ಎಫ್‌ಎಂ ಕೇಂದ್ರಗಳ ಇಂಟರ್‌ನೆಟ್ ಪ್ರಸಾರ, ಕೇಬಲ್ ಸಂಗೀತ ವಾಹಿನಿ, ಇವು ರೆಕಾರ್ಡಿಂಗ್‌ಗೂ ಹಣ ಕೊಡಬೇಕು. ಅದನ್ನು ಸಂಗ್ರಹಿಸುವುದು ಸೌಂಡ್‌ಎಕ್ಸ್‌ಚೇಂಜ್. ಹಂಚಿಕೆ ಹೀಗೆ: ಶೇ. 50 ರೆಕಾರ್ಡಿಂಗ್ ಮಾಲೀಕರಿಗೆ, ಶೇ. 45 ಮುಖ್ಯ ಕಲಾವಿದರಿಗೆ, ಶೇ. 5 ಹಿನ್ನೆಲೆ ವಾದಕರು ಮತ್ತು ಗಾಯಕರ ನಿಧಿಗೆ. ಸ್ವಂತ ಖರ್ಚಿನಲ್ಲಿ ಟ್ಯೂನ್ ಹೊರತಂದವರು ಮಾಲೀಕರೂ ಹೌದು, ಮುಖ್ಯ ಕಲಾವಿದರೂ ಹೌದು. ಆದರೆ ಕಲಾವಿದರಾಗಿ ಮಾತ್ರ ನೋಂದಾಯಿಸಿ ಕೈತೊಳೆದುಕೊಳ್ಳುತ್ತಾರೆ. ದೊಡ್ಡ ಪಾಲು, ಅಂದರೆ ಆ ಶೇ. 50, ಕೇಳುವವರಿಲ್ಲದೆ ಉಳಿಯುತ್ತದೆ. ಎರಡೂ ಪಾತ್ರಗಳಲ್ಲಿ ನೋಂದಾಯಿಸಿ. 3 ವರ್ಷ ಯಾರೂ ಕೇಳದ ಹಣವನ್ನು ಸಂಸ್ಥೆ ತನ್ನ ಖರ್ಚಿಗೆ ಹೊಂದಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಹೆಸರಿರುವ ಸ್ಯಾಕ್ಸೊಫೋನ್ ವಾದಕರನ್ನು ‘ಫೀಚರಿಂಗ್’ ಎಂದು ಶೀರ್ಷಿಕೆಯಲ್ಲಿ ಹಾಕಿದ್ದೀರಾ? ಹಾಗಿದ್ದರೆ ಶೇ. 45ರಲ್ಲಿ ಅವರಿಗೂ ಪಾಲಿದೆ.

ನೋಂದಾಯಿಸಿದ ಮೇಲೂ ಹಣ ಕಾಣದಿದ್ದರೆ ಐಎಸ್‌ಆರ್‌ಸಿ ನೋಡಿ. ರೆಕಾರ್ಡಿಂಗನ್ನು ಗುರುತಿಸುವ 12 ಅಕ್ಷರ-ಅಂಕೆಗಳ ಸಂಕೇತ ಅದು. ಆಲ್ಬಮ್‌ನಲ್ಲಿ ಐದೂವರೆ ನಿಮಿಷದ ಟ್ಯೂನ್ ಇರುತ್ತದೆ, ರೇಡಿಯೋಗೆ ನಡುವಿನ ಸೋಲೋ ಕತ್ತರಿಸಿ ನಾಲ್ಕು ನಿಮಿಷದ್ದು ಕಳಿಸುತ್ತಾರೆ. ಕತ್ತರಿಸಿದ್ದು ಬೇರೆ ರೆಕಾರ್ಡಿಂಗ್, ಅದಕ್ಕೆ ಬೇರೆ ಸಂಕೇತ ಬೇಕು. ಪ್ರಸಾರವಾಗುವುದು ನಾಲ್ಕು ನಿಮಿಷದ್ದು, ನೋಂದಣಿಯಲ್ಲಿರುವುದು ಐದೂವರೆಯದ್ದು ಮಾತ್ರ. ಲೆಕ್ಕ ಕೂಡುವುದು ಹೇಗೆ? ಹೆಸರಿನ ಕಾಗುಣಿತವೂ ಹಾಗೇ. ಇಂಗ್ಲಿಷ್‌ನಲ್ಲಿ ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ, ಮೂರನೇ ಕಡೆ ಊರಿನ ಹೆಸರೂ ಸೇರಿದರೆ ಕಂಪ್ಯೂಟರ್ ನಿಮ್ಮನ್ನು ಮೂರು ಜನ ಮಾಡಿಬಿಡುತ್ತದೆ.

ತೆರಿಗೆ ನಮೂನೆ ಡಬ್ಲ್ಯೂ-8ಬಿಇಎನ್ ತುಂಬುವಾಗ ಪ್ಯಾನ್ ಸಂಖ್ಯೆ ಹಾಕಿ, ಭಾರತ-ಅಮೆರಿಕ ತೆರಿಗೆ ಒಪ್ಪಂದದ ಕಲಂ ನಮೂದಿಸಿ. ಹಾಕಿದರೆ ರಾಯಲ್ಟಿಯಲ್ಲಿ ಕಡಿತ ಶೇ. 15, ಖಾಲಿ ಬಿಟ್ಟರೆ ಶೇ. 30. ಅಲ್ಲಿ ಕಡಿತವಾದದ್ದನ್ನು ಇಲ್ಲಿನ ರಿಟರ್ನ್‌ನಲ್ಲಿ ತೋರಿಸಿ ಜಮೆ ಕೇಳಿ. ಇಷ್ಟಕ್ಕೆ ‘ರಾಯಲ್ಟಿ ವಸೂಲಿ ತಜ್ಞ’ರಿಗೆ ಕಾಲು ಭಾಗ ಕೊಡುವುದು ಶುದ್ಧ ದಡ್ಡತನ.

ಸ್ಪಾಟಿಫೈ ಥರದ, ಬೇಕಾದ ಟ್ಯೂನ್ ಆರಿಸಿ ಕೇಳುವ ಸೇವೆಗಳ ಹಣ ಸೌಂಡ್‌ಎಕ್ಸ್‌ಚೇಂಜ್ ಮೂಲಕ ಬರುವುದಿಲ್ಲ. ರೆಕಾರ್ಡಿಂಗ್ ಪಾಲು ನಿಮ್ಮ ಡಿಸ್ಟ್ರಿಬ್ಯೂಟರ್ (ಟ್ಯೂನನ್ನು ಆ ಸೇವೆಗಳಿಗೆ ತಲುಪಿಸುವ ಕಂಪನಿ) ಮೂಲಕ ಬರುತ್ತದೆ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ದಾಟದ ಟ್ರ್ಯಾಕ್‌ಗೆ ಏನೂ ಇಲ್ಲ.

ಪ್ರಶ್ನೆ: ಹಣ ಕೊಟ್ಟರೆ ಸ್ಟ್ರೀಮ್ ಹೆಚ್ಚಿಸುತ್ತೇವೆ, ಚಾರ್ಟ್‌ನಲ್ಲಿ ನಂಬರ್ 1 ಖಾತ್ರಿ ಎನ್ನುತ್ತಾರೆ. ನಂಬಬಹುದೇ?

ನಂಬಬೇಡಿ. ಕೃತಕ ಸ್ಟ್ರೀಮ್ ಸಿಕ್ಕಿಬಿದ್ದರೆ ಸ್ಪಾಟಿಫೈ ಡಿಸ್ಟ್ರಿಬ್ಯೂಟರ್‌ಗೆ ದಂಡ ಹಾಕುತ್ತದೆ, ಡಿಸ್ಟ್ರಿಬ್ಯೂಟರ್ ನಿಮ್ಮ ಟ್ಯೂನ್ ಕಿತ್ತುಹಾಕುತ್ತಾರೆ. ಬಾಟ್ (ಸ್ಟ್ರೀಮ್ ಹೆಚ್ಚಿಸುವ ತಂತ್ರಾಂಶ) ಮಾರಿದವನು ಅಷ್ಟರಲ್ಲಿ ಹೆಸರು ಬದಲಿಸಿರುತ್ತಾನೆ. ರೇಡಿಯೋ ಪ್ರೊಮೋಟರ್ ಬೇರೆ ಜಾತಿ: ಕೇಂದ್ರಗಳ ಸಂಗೀತ ನಿರ್ದೇಶಕರಿಗೆ ಟ್ಯೂನ್ ತಲುಪಿಸಿ, ವಾರವಾರ ಫೋನ್ ಮಾಡಿ, ಎಲ್ಲಿ ಎಷ್ಟು ಸಲ ಬಂತೆಂದು ವರದಿ ಕೊಡುವ ಕೆಲಸ ಅವರದು. ವಾರದ ವರದಿ ಕೊಡದವರಿಗೂ ಸ್ಥಾನ ಖಾತ್ರಿ ಎನ್ನುವವರಿಗೂ ಹಣ ಕಟ್ಟಬೇಡಿ. ಕೇಳುಗರಿಗೆ ತಿಳಿಸದೆ ದುಡ್ಡು ಪಡೆದು ಹಾಡು ಹಾಕುವುದು ಅಲ್ಲಿ ಕಾನೂನುಬಾಹಿರ.

ಪ್ರಶ್ನೆ: ಸ್ಮೂತ್ ಜಾಝ್ ಸತ್ತೇಹೋಯಿತಲ್ಲ, ಈಗ ಯಾರು ಕೇಳುತ್ತಾರೆ?

ಸತ್ತದ್ದು ದೊಡ್ಡ ನಗರಗಳ ಎಫ್‌ಎಂ. ನ್ಯೂಯಾರ್ಕ್‌ನ ಸಿಡಿ 101.9 ಈ ಸಂಗೀತವನ್ನು 2008ರಲ್ಲಿ ಕೈಬಿಟ್ಟಿತು, ಷಿಕಾಗೋದ ಡಬ್ಲ್ಯೂಎನ್‌ಯುಎ 2009ರಲ್ಲಿ. 1987ರಲ್ಲಿ ಶುರುವಾದ ಲಾಸ್ ಏಂಜಲೀಸ್‌ನ ‘ದಿ ವೇವ್’ ಹಾಡುಗಾರಿಕೆಯ ಆರ್ ಆ್ಯಂಡ್ ಬಿ ಕಡೆಗೆ ಹೊರಳಿ ಉಳಿಯಿತು. ಯಾವ ಕೇಂದ್ರವನ್ನು ಎಷ್ಟು ಹೊತ್ತು ಕೇಳಿದೆವೆಂದು ಶ್ರೋತೃಗಳು ಡೈರಿಯಲ್ಲಿ ಬರೆದುಕೊಡುವ ಪದ್ಧತಿ ಹೋಗಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಮೀಟರ್ ಬಂದದ್ದು ಈ ಕೇಂದ್ರಗಳಿಗೆ ದೊಡ್ಡ ಹೊಡೆತ. ಡೈರಿಯಲ್ಲಿ ‘ಇಡೀ ದಿನ ಕೇಳಿದೆ’ ಎಂದು ಬರೆದವರು ನಿಜಕ್ಕೂ ಎಷ್ಟು ಹೊತ್ತು ಕೇಳಿದರೆಂದು ಮೀಟರ್ ಹೇಳಿಬಿಟ್ಟಿತು. ವಾದಕರು ಆಮೇಲೆ ಕೇಳುಗರನ್ನೇ ಒಂದೆಡೆ ಸೇರಿಸತೊಡಗಿದರು. ಬ್ರಯನ್ ಕಲ್ಬರ್ಟ್‌ಸನ್ 2012ರಲ್ಲಿ ನಾಪಾ ಕಣಿವೆಯಲ್ಲಿ ತಮ್ಮದೇ ಉತ್ಸವ ಆರಂಭಿಸಿದರು, ಡೇವ್ ಕಾಜ್ ಹಡಗುಯಾತ್ರೆಗಳನ್ನೂ ವರ್ಷವರ್ಷದ ಕ್ರಿಸ್‌ಮಸ್ ಪ್ರವಾಸವನ್ನೂ ನಡೆಸುತ್ತಾರೆ. ಪ್ರತಿವರ್ಷ ಮರಳಿ ಬಂದು ಟಿಕೆಟ್ ಕೊಳ್ಳುವ ನಡುವಯಸ್ಸಿನ ಕೇಳುಗರೇ ಈ ವೃತ್ತಿಯ ಬಂಡವಾಳ. ಕಾರ್ಯಕ್ರಮ ಮುಗಿದ ಮೇಲೆ ಮೇಜಿನ ಬಳಿ ನಿಂತು ಸಹಿ ಹಾಕಿದ ಸಿಡಿ ಕೊಳ್ಳುವವರೂ ಅವರೇ, ಆದ್ದರಿಂದ ಸಿಡಿ ಹಳೆಯದಾಯಿತೆಂದು ಮೂಗು ಮುರಿಯಬೇಡಿ.

ಪ್ರಶ್ನೆ: ಉತ್ಸವಕ್ಕೆ ನನ್ನ ಬ್ಯಾಂಡ್ ಕರೆದೊಯ್ಯಲೇಬೇಕೇ?

ಬೇಕಿಲ್ಲ. ಎಷ್ಟೋ ಕಡೆ ಆಯೋಜಕರೇ ಕೀಬೋರ್ಡ್, ಗಿಟಾರ್, ಬೇಸ್, ಡ್ರಮ್ಸ್ ಇರುವ ತಂಡ ಇಟ್ಟಿರುತ್ತಾರೆ. ಮೂರ್ನಾಲ್ಕು ಮುಖ್ಯ ಕಲಾವಿದರಿಗೂ ಅದೇ ತಂಡ, ತಾಲೀಮು ಸಿಗುವುದು ಒಂದೇ. ಹಾಗಾಗಿ ಚಾರ್ಟ್ (ಇಲ್ಲಿ ಜನಪ್ರಿಯತೆಯ ಪಟ್ಟಿಯಲ್ಲ, ತಂಡ ನೋಡಿ ನುಡಿಸುವ ಸ್ವರಲಿಪಿ ಹಾಳೆ) ಮತ್ತು ಆಡಿಯೋ ಮೊದಲೇ ಕಳಿಸಿ. ಆಡಿಯೋದ ಶ್ರುತಿಯೂ ಉದ್ದವೂ ಚಾರ್ಟ್‌ಗೆ ತಾಳೆಯಾಗಬೇಕು. ತಂಡದ ಚಾರ್ಟ್ ಕನ್ಸರ್ಟ್ ಪಿಚ್‌ನಲ್ಲಿರಲಿ, ಅಂದರೆ ಕೀಬೋರ್ಡ್‌ನಲ್ಲಿ ಕೇಳುವ ಸ್ವರವನ್ನೇ ಬರೆದಿರಲಿ. ಆಲ್ಟೋ ಸ್ಯಾಕ್ಸೊಫೋನ್ ವಾದಕರು ತಮಗೆ ಬರೆದುಕೊಂಡ ಹಾಳೆಯನ್ನೇ ಕೀಬೋರ್ಡ್‌ನವರಿಗೆ ಕೊಟ್ಟುಬಿಡುತ್ತಾರೆ. ಕನ್ಸರ್ಟ್ ಸಿ ಆಲ್ಟೋದಲ್ಲಿ ಎ, ಟೆನರ್ ಮತ್ತು ಸೊಪ್ರಾನೋದಲ್ಲಿ ಡಿ. ಆಮೇಲೆ ವೇದಿಕೆಯ ಮೇಲೆ ಪರಸ್ಪರ ಮುಖ ನೋಡಬೇಕಾಗುತ್ತದೆ. ಹಿನ್ನೆಲೆ ಟ್ರ್ಯಾಕ್ ಇದ್ದರೆ ಒಂದು ಚಾನೆಲ್‌ನಲ್ಲಿ ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು, ಡ್ರಮ್ಮರ್ ಕಿವಿಗೆ ಮಾತ್ರ), ಇನ್ನೊಂದರಲ್ಲಿ ತಂತಿವಾದ್ಯ-ಪ್ಯಾಡ್. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಧ್ವನಿಯ ಎಷ್ಟು ಮಾದರಿ ಎಂಬುದು) ಫೈಲಿನ ಹೆಸರಲ್ಲೇ ಬರೆಯಿರಿ. 44.1 ಕಿಲೋಹರ್ಟ್ಸ್ ಫೈಲನ್ನು ಪರಿವರ್ತಿಸದೆ 48ರ ಗಡಿಯಾರದಲ್ಲಿ ಓಡಿಸಿದರೆ ಸುಮಾರು ಒಂದೂವರೆ ಸೆಮಿಟೋನ್ ಏರಿ, ಲಯವೂ ಓಡುತ್ತದೆ. ಸ್ಯಾಕ್ಸೊಫೋನ್‌ನಂಥ ವಾದ್ಯವನ್ನು ಅದಕ್ಕೆ ಶ್ರುತಿ ಮಾಡಲಾಗದು.

ಪ್ರಶ್ನೆ: ಗೊತ್ತಿರುವ ಪಾಪ್ ಹಾಡಿನ ಕವರ್ (ನಮ್ಮದೇ ನುಡಿಸುವಿಕೆ) ಮಾಡಿದರೆ ಬೇಗ ಮೇಲೆ ಬರಬಹುದಲ್ಲವೇ?

ರೇಡಿಯೋ ಬೇಗ ಎತ್ತಿಕೊಳ್ಳಬಹುದು, ಸಂಯೋಜನೆಯ ಹಣವೆಲ್ಲ ಮೂಲ ಬರಹಗಾರರಿಗೆ. ಅಮೆರಿಕದಲ್ಲಿ ಸಿಡಿಗೆ ಮೆಕ್ಯಾನಿಕಲ್ ದರ (ಬೇರೆಯವರ ಹಾಡಿನ ಪ್ರತಿ ಮಾಡುವ ಪರವಾನಗಿಯ ಶುಲ್ಕ) 2025ರಲ್ಲಿ 5 ನಿಮಿಷದೊಳಗಿನ ಹಾಡಿಗೆ ಪ್ರತಿಗೆ 12.7 ಸೆಂಟ್, ಅಂದರೆ 1,000 ಪ್ರತಿಗೆ 127 ಡಾಲರ್. ಈ ಪರವಾನಗಿ ವಿಡಿಯೋಗೆ ಅನ್ವಯಿಸದು, ಅದಕ್ಕೆ ಪಬ್ಲಿಷರ್‌ನಿಂದ ಬೇರೆ ಒಪ್ಪಿಗೆ ಬೇಕು. ಆಲ್ಬಮ್‌ಗೆ ಒಂದು ಕವರ್ ಸಾಕು.

ಪ್ರಶ್ನೆ: ಕೆನ್ನಿ ಜಿ 1997ರಲ್ಲಿ 45 ನಿಮಿಷ ಒಂದೇ ಸ್ವರ ಹಿಡಿದರಂತೆ. ಶ್ವಾಸಕೋಶ ಹಿಗ್ಗಿಸುವ ಸಾಧನ ಕೊಳ್ಳಲೇ?

ಬೇಡ. ಕೆನ್ನೆಯಲ್ಲಿ ತುಂಬಿದ ಗಾಳಿಯನ್ನು ಒತ್ತುತ್ತಾ ಮೂಗಿನಿಂದ ಉಸಿರೆಳೆಯುವ ಕೌಶಲ ಅದು, ಪುಂಗಿ ಊದುವ ಹಾವಾಡಿಗರಿಗೂ ಗೊತ್ತು. ಯಾವ ಆಯೋಜಕರೂ ಅದಕ್ಕಾಗಿ ಸಂಭಾವನೆ ಹೆಚ್ಚಿಸುವುದಿಲ್ಲ.

ಪ್ರಶ್ನೆ: ಕದ್ರಿ ಗೋಪಾಲನಾಥ್ ಅವರ ವಾದ್ಯವೂ ಕೆನ್ನಿ ಜಿ ಅವರದೂ ಒಂದೇ ಅಲ್ಲವೇ?

ಅಲ್ಲ. ಕದ್ರಿಯವರದು ಆಲ್ಟೋ, ಕೆನ್ನಿ ಜಿ ಹೆಸರು ಮಾಡಿದ್ದು ಸೊಪ್ರಾನೋದಲ್ಲಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗುವಾಗ, ಅದೇ ಪ್ರವಾಸಿ ವೀಸಾದಲ್ಲಿ ಒಂದೆರಡು ಕ್ಲಬ್‌ಗಳಲ್ಲಿ ಹಣ ಪಡೆದು ನುಡಿಸಬಹುದೇ?

ಇಲ್ಲ. ಅದಕ್ಕೆ ಕಲಾವಿದರ ಓ ಅಥವಾ ಪಿ ವೀಸಾ ಬೇಕು, ಅರ್ಜಿ ಹಾಕಬೇಕಾದವರು ಅಲ್ಲಿನ ಆಯೋಜಕರು ಅಥವಾ ಏಜೆಂಟ್. ‘ಎಲ್ಲರೂ ಹಾಗೇ ಮಾಡುತ್ತಾರೆ’ ಎಂದ ಸ್ನೇಹಿತರು ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ ನಿಮ್ಮ ಜೊತೆ ನಿಲ್ಲುವುದಿಲ್ಲ.