ಇರಾನ್ ಕಾಣಿಸಿತು, ಕಾದಂಬರಿ ಎಲ್ಲಿ?

ನಮಸ್ಕಾರ.

ನೀವು ಕಳಿಸಿದ 'ಪರದೆಯ ಹಿಂದಿನ ದನಿಗಳು' ಲೇಖನ ಓದಿದೆ. ಇರಾನಿನ ಲೇಖಕಿಯರು ಫಾರ್ಸಿಯಲ್ಲಿ ಬರೆದ ಕಾದಂಬರಿಗಳಲ್ಲಿ ಸ್ತ್ರೀವಾದ ಹೇಗೆ ಬಂದಿದೆ ಅನ್ನುವುದು ನಿಮ್ಮ ವಿಷಯ. ಈಗಿರುವ ಹಾಗೆ ಇದನ್ನು ನಾವು ಪ್ರಕಟಿಸುವುದಿಲ್ಲ. ತಿದ್ದಿ ಬರೆದರೆ ಖಂಡಿತ ಮತ್ತೆ ನೋಡುತ್ತೇವೆ. 'ನಮಗೆ ಹೊಂದುವುದಿಲ್ಲ' ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ನೀವು ಪುಸ್ತಕಗಳನ್ನು ನಿಜವಾಗಿಯೂ ಓದಿದ್ದೀರಿ ಅಂತ ಅಲ್ಲಲ್ಲಿ ಗೊತ್ತಾಗುತ್ತದೆ. ಇಷ್ಟು ಓದಿದವರು ಅದನ್ನೆಲ್ಲ ಬಿಟ್ಟು ಬೇರೇನೋ ಬರೆದಿದ್ದೀರಲ್ಲ, ಅದೇ ನನ್ನ ತಕರಾರು.

ಮೊದಲ ಎರಡು ಪುಟ 2022ರ ಬೀದಿ ಹೋರಾಟಕ್ಕೇ ಖರ್ಚಾಗಿದೆ. ಹಿಜಾಬ್ ನೆಪದಲ್ಲಿ ಪೊಲೀಸರು ಹಿಡಿದೊಯ್ದ ಮಹ್ಸಾ ಅಮೀನಿಯ ಸಾವು, ಹೆಂಗಸರು ಕತ್ತರಿಸಿಕೊಂಡ ಕೂದಲು, ಘೋಷಣೆಗಳು. ಮೊದಲ ಕಾದಂಬರಿಯ ಹೆಸರು ಬರುವುದು ಮೂರನೇ ಪುಟದಲ್ಲಿ. ಆ ಸುದ್ದಿಯನ್ನು ನಮ್ಮ ಓದುಗರು ಟಿವಿಯಲ್ಲಿ ನೋಡಿದ್ದಾರೆ. ಅವರಿಗೆ ಗೊತ್ತಿಲ್ಲದ್ದು ಈ ಕಾದಂಬರಿಗಳ ಜರೀ ಯಾರು, ಮುನಿಸ್ ಯಾರು ಅನ್ನುವುದು. ಅದನ್ನು ನೀವು ಹೇಳಬೇಕಿತ್ತು, ಅಲ್ವಾ?

'1979ರ ಕ್ರಾಂತಿಯ ನಂತರ ಇರಾನಿನ ಹೆಣ್ಣು ಬರೆಯತೊಡಗಿದಳು' ಎಂದಿದ್ದೀರಿ. ಇದು ತಪ್ಪು. ಸಿಮೀನ್ ದಾನೆಶ್ವರ್ ಅವರ ಮೊದಲ ಕಥಾಸಂಕಲನ ಬಂದದ್ದು 1948ರಲ್ಲಿ. ಅವರ 'ಸವುಶೂನ್' ಕಾದಂಬರಿ 1969ರದ್ದು, ಅಂದರೆ ಕ್ರಾಂತಿಗೆ ಹತ್ತು ವರ್ಷ ಮೊದಲು. ಕ್ರಾಂತಿಯ ನಂತರ ಲೇಖಕಿಯರು ಜಾಸ್ತಿಯಾದರು ಅನ್ನಿ, ಒಪ್ಪುತ್ತೇನೆ. ಪರದೆಯ ಕಥೆಯೂ ನೀವು ಬರೆದಷ್ಟು ನೇರ ಅಲ್ಲ. 1936ರಲ್ಲಿ ದೊರೆ ರೆಜಾ ಶಾನ ಸರ್ಕಾರ ಹೆಂಗಸರು ತಲೆ, ಮೈ ಮುಚ್ಚಿ ಹೊದೆಯುವ ಚಾದರವನ್ನು ಬಲವಂತವಾಗಿ ತೆಗೆಸಿತು. ಕ್ರಾಂತಿಯ ನಂತರದ ಸರ್ಕಾರ ಬಲವಂತವಾಗಿ ತಲೆ ಮುಚ್ಚಿಸಿತು. ಎರಡೂ ಸಲ ಹೆಂಗಸರನ್ನು ಯಾರೂ ಕೇಳಲಿಲ್ಲ. ಈ ಎರಡನ್ನೂ ಕಂಡ ದೇಶದ ಸಾಹಿತ್ಯಕ್ಕೆ 'ಪರದೆಯ ಹಿಂದೆ' ಅನ್ನುವ ತಲೆಬರಹ ಸಾಲದು. ಬದಲಿಸಿ.

ಈಗ 'ಸವುಶೂನ್'ಗೆ ಬರೋಣ. ಅದರ ನಾಯಕಿ ಜರೀ. ನೀವು ಅದಕ್ಕೆ ಕೊಟ್ಟದ್ದು ಒಂದೇ ಪ್ಯಾರಾ: 'ಜರೀ ಶೋಷಿತ ಮಹಿಳೆಯ ಪ್ರತೀಕ.' ಇಷ್ಟು ಹೇಳಲು ಕಾದಂಬರಿ ಓದಲೇಬೇಕಿಲ್ಲ. ಪುಸ್ತಕದಲ್ಲಿ ಏನಾಗುತ್ತದೆ ನೋಡಿ. ಎರಡನೇ ಮಹಾಯುದ್ಧದ ಕಾಲ, ಶಿರಾಜ್ ಪಟ್ಟಣದಲ್ಲಿ ಬ್ರಿಟಿಷ್ ಸೈನ್ಯ ಬೀಡುಬಿಟ್ಟಿದೆ, ಜನಕ್ಕೆ ಅನ್ನವಿಲ್ಲ. ಗವರ್ನರ್ ಮಗಳ ಮದುವೆಯಲ್ಲಿ ಮಾತ್ರ ಭಾರೀ ರೊಟ್ಟಿಯೊಂದನ್ನು ಪ್ರದರ್ಶನಕ್ಕಿಟ್ಟಿದ್ದಾರೆ. ಅದೇ ಮದುವೆಯಲ್ಲಿ ಜರೀಯ ಪಚ್ಚೆ ಓಲೆಗಳನ್ನು ಮದುಮಗಳಿಗೆಂದು ಒಂದು ರಾತ್ರಿಯ ಮಟ್ಟಿಗೆ ಕೇಳುತ್ತಾರೆ. ವಾಪಸ್ ಬರುವುದಿಲ್ಲ ಅಂತ ಗೊತ್ತಿದ್ದೂ ಕೊಡುತ್ತಾಳೆ. ಆಮೇಲೆ ಅದೇ ಮನೆಯವರ ಕಣ್ಣು ಮಗ ಖೊಸ್ರೊನ ಕುದುರೆಯ ಮೇಲೆ ಬೀಳುತ್ತದೆ. ಗಂಡ ಯೂಸುಫ್ ಊರಲ್ಲಿಲ್ಲ. ಅದನ್ನೂ ಕೊಡುತ್ತಾಳೆ. ಮನೆ ಶಾಂತವಾಗಿರಲಿ, ಮಕ್ಕಳಿಗೆ ಏನೂ ಆಗದಿರಲಿ ಅನ್ನುವುದಷ್ಟೇ ಅವಳ ಲೆಕ್ಕ. ಹೊರಗೆ ಸೈನ್ಯ ಊರಿನ ಧಾನ್ಯವನ್ನು ಬಾಚಿಕೊಳ್ಳುತ್ತಿದ್ದರೆ, ಒಳಗೆ ಅವಳು ಒಂದೊಂದೇ ವಸ್ತುವನ್ನು ಬಿಟ್ಟುಕೊಡುತ್ತಿದ್ದಾಳೆ. ದಾನೆಶ್ವರ್ ಇವೆರಡನ್ನೂ ಒಂದೇ ಕಥೆಯಾಗಿ ನೇಯ್ದಿದ್ದಾರೆ. ಸ್ತ್ರೀವಾದ ಇರುವುದು ಅಲ್ಲಿ, ನೀವು ಕೊಟ್ಟ ವ್ಯಾಖ್ಯೆಯಲ್ಲಿ ಅಲ್ಲ.

ಇನ್ನೂ ಒಂದು ಪ್ರಶ್ನೆಯನ್ನು ನೀವು ಮುಟ್ಟಿಯೇ ಇಲ್ಲ. ಧಾನ್ಯವನ್ನು ಸೈನ್ಯಕ್ಕೆ ಮಾರಲೊಪ್ಪದ ಯೂಸುಫ್ ಕೊಲೆಯಾಗುತ್ತಾನೆ. ಜರೀಗೆ ಧೈರ್ಯ ಬರುವುದು ಆಮೇಲೆ. ಮಕ್ಕಳನ್ನು ಪ್ರೀತಿಯಿಂದ ಬೆಳೆಸಬೇಕೆಂದಿದ್ದವಳು ಮಗನ ಕೈಗೆ ಬಂದೂಕು ಕೊಡುವ ಮಾತಾಡುತ್ತಾಳೆ. ಹಾಗಾದರೆ ಇದು ಅವಳ ಧೈರ್ಯವೋ, ಸತ್ತ ಗಂಡನಿಂದ ಬಂದ ಆಸ್ತಿಯೋ? ನನ್ನನ್ನು ಕೇಳಿದರೆ ಅದು ಅವಳದ್ದೇ. ಗಂಡ ಬದುಕಿದ್ದಾಗಲೇ ಜೈಲಿಗೂ ಹುಚ್ಚಾಸ್ಪತ್ರೆಗೂ ಹರಕೆಯ ರೊಟ್ಟಿ, ಖರ್ಜೂರ ಹೊತ್ತುಕೊಂಡು ಹೋಗುತ್ತಿದ್ದವಳು ಅವಳು. ನೀವು ಒಪ್ಪಬೇಕಿಲ್ಲ. ಆದರೆ ಈ ಜಗಳಕ್ಕೆ ಇಳಿಯದೆ ಆ ಪುಸ್ತಕದ ಬಗ್ಗೆ ಬರೆಯಲಾಗದು.

ಶಹರ್‌ನೂಶ್ ಪಾರ್ಸಿಪುರ್ ಅವರ 'ಗಂಡಸರಿಲ್ಲದ ಹೆಂಗಸರು' ಬಗ್ಗೆ ಬರೆದ ಭಾಗ ನಿಮ್ಮ ಲೇಖನದಲ್ಲಿ ಒಳ್ಳೆಯದು. ಮಹ್ದೊಖ್ತ್ ತನ್ನನ್ನು ತಾನೇ ಮಣ್ಣಲ್ಲಿ ನೆಟ್ಟುಕೊಂಡು ಮರವಾಗುವುದನ್ನು ಚೆನ್ನಾಗಿ ವಿವರಿಸಿದ್ದೀರಿ. ಆದರೆ ಕರಜ್‌ನಲ್ಲಿ ಈ ಹೆಂಗಸರೆಲ್ಲ ಬಂದು ಸೇರುವ ತೋಟವನ್ನು 'ಗಂಡಸರೇ ಇಲ್ಲದ ಸ್ವರ್ಗ' ಎಂದಿರಿ. ಅಲ್ಲಿ ಒಬ್ಬ ತೋಟಗಾರ ಇದ್ದಾನಲ್ಲ! ಜರ್ರೀನ್‌ಕೊಲಾ ಅನ್ನುವವಳು ಅವನನ್ನೇ ಮದುವೆಯಾಗುತ್ತಾಳೆ. ತೋಟದ ಒಡತಿ ಫರ್ರೊಖ್‌ಲಖಾ ಕೊನೆಗೆ ಊರಿಗೆ ಮರಳಿ ಇನ್ನೊಂದು ಮದುವೆ ಮಾಡಿಕೊಳ್ಳುತ್ತಾಳೆ. ಪಾರ್ಸಿಪುರ್ ಸ್ವರ್ಗ ಕಟ್ಟಲಿಲ್ಲ, ಕಟ್ಟಿದ್ದು ನಿಲ್ಲುವುದಿಲ್ಲ ಅಂತಲೂ ತೋರಿಸಿದರು. ಅದನ್ನು ಮುಚ್ಚಿಟ್ಟರೆ ಲೇಖಕಿಗೆ ಅನ್ಯಾಯ.

ಅದೇ ಕಾದಂಬರಿಯ ಮುನಿಸ್ ವಿಷಯವನ್ನು ಬಿಟ್ಟೇಬಿಟ್ಟಿದ್ದೀರಿ. ಸಂಕೋಚ ಅನ್ನಿಸಿತು ನನಗೆ. ಕನ್ಯತ್ವ ಹೋದೀತೆಂಬ ಭಯಕ್ಕೆ ಬಾಲ್ಯದಲ್ಲಿ ಮರ ಹತ್ತದವಳು ಅವಳು. ತಾನು ನಂಬಿದ್ದೇ ಸುಳ್ಳು ಅಂತ ನಡುವಯಸ್ಸಿನಲ್ಲಿ ಗೊತ್ತಾಗಿ ಸಿಟ್ಟಾಗುತ್ತಾಳೆ. ಎರಡು ಸಲ ಸಾಯುತ್ತಾಳೆ, ಎರಡು ಸಲವೂ ಎದ್ದು ಬರುತ್ತಾಳೆ. ಒಂದು ಸಲ ಕೊಂದವನು ಒಡಹುಟ್ಟಿದವನೇ. ಓದುವಾಗ ನಗು ಬರುತ್ತದೆ, ಆಮೇಲೆ ಭಯವಾಗುತ್ತದೆ. 1989ರಲ್ಲಿ ಪ್ರಕಟವಾದ ಈ ಪುಸ್ತಕ ಬೇಗನೆ ನಿಷೇಧವಾಯಿತು, ಲೇಖಕಿ ಜೈಲಿಗೆ ಹೋದರು. ಯಾವುದನ್ನು ಬರೆದು ಅವರು ಜೈಲು ಕಂಡರೋ ಅದನ್ನು ಬೆಂಗಳೂರಲ್ಲೋ ಧಾರವಾಡದಲ್ಲೋ ಕೂತು ನಾವು ಹಾರಿಸಿ ಓದುವುದು ಸರಿಯಲ್ಲ.

ಜೊಯಾ ಪೀರ್‌ಜಾದ್ ನಿಮ್ಮ ಪಟ್ಟಿಯಲ್ಲಿ ಬರೀ ಹೆಸರಾಗಿದ್ದಾರೆ. ಯಾಕೆ ಅಂತ ಊಹಿಸಬಲ್ಲೆ. 2001ರ 'ದೀಪ ನಾನೇ ಆರಿಸುತ್ತೇನೆ' ನಿಮ್ಮ ವಾದಕ್ಕೆ ಸಿಗುವುದಿಲ್ಲ. ಅದರ ಕ್ಲಾರಿಸ್ ಅರ್ಮೇನಿಯನ್ ಕ್ರೈಸ್ತಳು. 1960ರ ದಶಕದ ಅಬಾದಾನ್, ಎಣ್ಣೆ ಕಂಪನಿಯ ಕ್ವಾರ್ಟರ್ಸ್. ಹೊಡೆಯುವ ಗಂಡನಿಲ್ಲ, ಪರದೆಯಿಲ್ಲ, ಪೊಲೀಸರಿಲ್ಲ. ಅಡುಗೆಮನೆ ಇದೆ, ಮೂರು ಮಕ್ಕಳಿದ್ದಾರೆ, ಚದುರಂಗದಲ್ಲಿ ಮುಳುಗಿದ ಗಂಡ ಇದ್ದಾನೆ. ನಿನಗೇನು ಬೇಕು ಅಂತ ಒಬ್ಬರೂ ಕೇಳುವುದಿಲ್ಲ. ಗಂಡನ ಆಫೀಸಿನ ಕಾರ್ಯದರ್ಶಿ ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಓಡಾಡುತ್ತಿದ್ದಾಳೆ (1963ರಲ್ಲಿ ಅದು ಸಿಕ್ಕಿತು). ಕ್ಲಾರಿಸ್ ಅವಳ ಮಾತು ಕೇಳಿಸಿಕೊಳ್ಳುತ್ತಾಳೆ, ಮನೆಗೆ ಬಂದು ಮತ್ತೆ ಅಡುಗೆ. ಇದನ್ನು ಓದಿದ ಕನ್ನಡದ ಗೃಹಿಣಿಗೆ ನಿಮ್ಮ ವಿವರಣೆಯೇ ಬೇಕಾಗುವುದಿಲ್ಲ. ದಯವಿಟ್ಟು ಈ ಪುಸ್ತಕವನ್ನು ಮತ್ತೆ ಓದಿ.

ಸಣ್ಣಪುಟ್ಟವು ಬೇಗ ಹೇಳಿಬಿಡುತ್ತೇನೆ. 'ಪರ್ಸೆಪೊಲಿಸ್' ಫ್ರೆಂಚಿನಲ್ಲಿ ಬರೆದ, ಕಾಮಿಕ್ಸ್ ರೂಪದ ಆತ್ಮಕಥನ. 'ರೀಡಿಂಗ್ ಲೋಲಿತಾ ಇನ್ ಟೆಹ್ರಾನ್' ಇಂಗ್ಲಿಷಿನಲ್ಲಿ ಬರೆದ ನೆನಪುಗಳ ಪುಸ್ತಕ. ಎರಡೂ ಫಾರ್ಸಿ ಕಾದಂಬರಿಗಳಲ್ಲ, ತೆಗೆಯಿರಿ. 'ನಮ್ಮ ಲೇಖಕಿಯರೂ ಹೀಗೇ ಬರೆದಿದ್ದಾರೆ' ಎಂಬ ಕೊನೆಯ ಸಾಲು ಯಾರನ್ನೂ ಹೆಸರಿಸುವುದಿಲ್ಲ, ಯಾವ ಕಥೆಯನ್ನೂ ತೋರಿಸುವುದಿಲ್ಲ. ಅದೂ ಹೋಗಲಿ. ಇಂಗ್ಲಿಷ್ ಅನುವಾದದಲ್ಲಿ ಓದಿದ್ದರೆ ಹಾಗಂತ ಬರೆಯಿರಿ, ಅದರಲ್ಲಿ ನಾಚಿಕೆಯೇನಿಲ್ಲ.

ಎಂಟು ಕಾದಂಬರಿಗಳ ಬದಲು ಎರಡೇ ಸಾಕು. ನನ್ನ ಆಯ್ಕೆ ದಾನೆಶ್ವರ್ ಮತ್ತು ಪೀರ್‌ಜಾದ್. ಇಬ್ಬರ ನಾಯಕಿಯರೂ ಮನೆಯೊಳಗಿನವರು, ಇಬ್ಬರೂ ಬೇರೆ ಬೇರೆ ಥರ ಸುಮ್ಮನಿರುವವರು. ಉಪಶೀರ್ಷಿಕೆಗಳು ಬೇಡ. ಸಾವಿರದೈನೂರು ಪದ ದಾಟದಿರಲಿ. ಕವಿ ಫೊರುಗ್ ಫರ್ರೊಖ್‌ಜಾದ್ ಬಗ್ಗೆ ಬರೆದ ಪುಟಗಳು ಈ ಲೇಖನಕ್ಕೆ ಸಲ್ಲವು. ಆದರೆ ಎಸೆಯಬೇಡಿ, ಬೇರೆ ಲೇಖನವಾಗಿ ಕಳಿಸಿ. ಅದನ್ನು ಇದಕ್ಕಿಂತ ಮೊದಲು ಹಾಕುವ ಮನಸ್ಸಿದೆ.

ಇಂತಿ,
ಸಂಪಾದಕ