ಅಂಗಡಿ ಇಟ್ಟ ಅಕ್ಕತಂಗಿಯರು

ಪ್ರಶ್ನೆ: 18ನೇ ಶತಮಾನದಲ್ಲಿ ಯುವತಿಯರಿಗೆ ಅಂಗಡಿ ಇಡಲು ನೆರವಾದವರು ಯಾರಾದರೂ ಇದ್ದರೇ?

ಉತ್ತರ: ಇದ್ದರು. ನನಗೆ ಮೊದಲು ನೆನಪಾಗುವುದು ಎಲಿಜಬೆತ್ ಮರ್ರಿ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು. 1749ರಲ್ಲಿ, ಮದುವೆಗೂ ಮುಂಚೆ, ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಅಮೆರಿಕದ ಬಾಸ್ಟನ್ನಿನಲ್ಲಿ ಬಟ್ಟೆಬರೆಯ ಅಂಗಡಿ ತೆರೆದರು. ಲಂಡನ್ನಿನಿಂದ ಮಾಲು ತರಿಸಿ ಮಾರುತ್ತಿದ್ದರು.

ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಣ್ಣಿನ ದುಡ್ಡು ಗಂಡನ ಕೈಗೆ ಹೋಗುತ್ತಿತ್ತು. ಅದಕ್ಕೇ ಎರಡನೇ ಮದುವೆಗೆ ಮುಂಚೆ ಅವರು ಆಸ್ತಿಯ ಒಪ್ಪಂದ ಬರೆಸಿಕೊಂಡರು. ಎಂಥ ಮುಂದಾಲೋಚನೆ, ಅಲ್ವಾ?

ಕೈಗೆ ದುಡ್ಡು ಬಂದ ಮೇಲೆ ಸುಮ್ನೆ ಕೂರಲಿಲ್ಲ. ತಂದೆತಾಯಿ ಇಲ್ಲದ ಕಮಿಂಗ್ಸ್ ಅಕ್ಕತಂಗಿಯರು ಬಾಸ್ಟನ್ನಿನಲ್ಲಿ ಅಂಗಡಿ ಇಡಲು ನೆರವಾದರು. ಅಣ್ಣನ ಮಗಳನ್ನೂ ವ್ಯಾಪಾರಕ್ಕೆ ತಯಾರು ಮಾಡಿದರು. ಹುಡುಗಿಯರು ಲೆಕ್ಕ ಬರೆಯುವುದನ್ನು ಕಲಿಯಲೇಬೇಕು ಎಂಬುದು ಅವರ ಹಟ. ನನಗೆ ಜಾಸ್ತಿ ಹಿಡಿಸುವುದು ಇದೇ. ಬಂಡವಾಳ ಕೊಡುವವರು ಸಿಗಬಹುದು, ಲೆಕ್ಕದ ಪುಸ್ತಕ ಹಿಡಿಯಲು ಕಲಿಸುವವರು ಅಪರೂಪ.

ಆ ಅಕ್ಕತಂಗಿಯರ ಹಾದಿ ಸುಲಭವಿರಲಿಲ್ಲ. 1769ರಲ್ಲಿ, ಬ್ರಿಟನ್ ಹೇರಿದ ತೆರಿಗೆಗೆ ವಿರೋಧವಾಗಿ, ಬ್ರಿಟಿಷ್ ಮಾಲು ತರಿಸಬಾರದೆಂದು ಬಾಸ್ಟನ್ ವರ್ತಕರು ಪಟ್ಟು ಹಿಡಿದಿದ್ದರು. ಮಾಲು ತರಿಸಿದ್ದಕ್ಕೆ ಇವರನ್ನೂ ತರಾಟೆಗೆ ತೆಗೆದುಕೊಂಡರು. ಅಂಥ ಒಪ್ಪಂದಕ್ಕೆ ತಾವು ಸೇರಿಯೇ ಇಲ್ಲ, ದುಡಿದು ತಿನ್ನುವವರಿಗೆ ಯಾಕೆ ತೊಂದರೆ ಎಂದು ಅವರಲ್ಲಿ ಒಬ್ಬಳಾದ ಬೆಟ್ಸಿ ನೇರವಾಗಿ ಕೇಳಿದಳು.